ಹುಳದಮ್ಮನ ಕೈ

ಮೂವತ್ತೊಂದು ವರ್ಷ ಹುಳ ಎಣಿಸಿದ ಹೆಂಗಸಿಗೆ ಜನ ಇನ್ನೇನು ಹೆಸರಿಟ್ಟಾರು? ಗೇಟಿನ ಕಾವಲುಗಾರನಿಂದ ಹಿಡಿದು ಸಂಸ್ಥೆಯ ನಿರ್ದೇಶಕರವರೆಗೆ ಎಲ್ಲರೂ ಬೆನ್ನ ಹಿಂದೆ ಅವಳನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲೆ ‘ಆಣ್ವಿಕ ಜೀವವಿಜ್ಞಾನಿ’ ಎಂಬ ಹಿತ್ತಾಳೆಯ ಫಲಕವೇನೋ ಇತ್ತು, ಆದರೆ ಅದನ್ನು ಪೂರ್ತಿ ಉಚ್ಚರಿಸುವಷ್ಟು ಪುರುಸೊತ್ತು ಯಾರಿಗಿದೆ? ಮೊದಮೊದಲು ಆ ಅಡ್ಡಹೆಸರು ಕಿವಿಗೆ ಬಿದ್ದಾಗ ಮುಖ ಸಿಂಡರಿಸಿದಳು. ಆಮೇಲೆ ಒಗ್ಗಿಕೊಂಡಳು. ಮುಪ್ಪಿನ ಮೇಲಿನ ಸಂಶೋಧನೆಗೆಂದು ಐವತ್ತೆಂಟನೆಯ ವಯಸ್ಸಿನಲ್ಲಿ ದೊಡ್ಡ ಪ್ರಶಸ್ತಿ ಬಂದಾಗಲಂತೂ ಆ ಹೆಸರಿನ ಮೇಲೆ ಸ್ವಲ್ಪ ಜಂಬವೂ ಬಂತು.

ಆ ಪ್ರಶಸ್ತಿ ಈಗ ಅವಳ ಹತ್ತಿರ ಇಲ್ಲ. ಅದು ಹೇಗೆ ಹೋಯಿತೆಂದು ಹೇಳುವ ಮೊದಲು, ಒಂದು ಹುಳ ಸತ್ತಿತೆಂದು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಹೇಳಬೇಕು.

ಅವಳ ಹುಳ ಮಣ್ಣಿನದು. ಯಾರಿಗೂ ಕೇಡು ಮಾಡದ್ದು, ಒಂದು ಮಿಲಿಮೀಟರ್ ಉದ್ದದ್ದು, ಗಾಜಿನಷ್ಟು ತಿಳಿಯಾದದ್ದು. ಅಂಗೈಯಗಲದ ಮುಚ್ಚಳದ ತಟ್ಟೆಯಲ್ಲಿ ಜೆಲ್ಲಿ ಸುರಿದು, ಅದರ ಮೇಲೆ ಮೇವಿಗೆಂದು ಬ್ಯಾಕ್ಟೀರಿಯಾ ಬಿತ್ತಿ, ಹುಳಗಳನ್ನು ಬಿಡುತ್ತಾರೆ. ಮನುಷ್ಯನ ಮುಪ್ಪು ನೋಡಬೇಕೆಂದರೆ ಎಂಬತ್ತು ವರ್ಷ ಕಾಯಬೇಕು. ಈ ಬಡಪಾಯಿ ಮೂರು ವಾರದೊಳಗೆ ಹುಟ್ಟಿ, ಓಡಾಡಿ, ಮೊಟ್ಟೆಯಿಟ್ಟು, ಮೈ ಸುಕ್ಕುಗಟ್ಟಿ, ಕದಲಲಾರದೆ ಮಲಗಿ, ಸರಾಸರಿ ಹತ್ತೊಂಬತ್ತನೆಯ ದಿನಕ್ಕೆ ಕಣ್ಣು ಮುಚ್ಚುತ್ತದೆ. ಕಣ್ಣೆಂದೆನೇ? ಅದಕ್ಕೆ ಕಣ್ಣೂ ಇಲ್ಲ. ಯಾವ ಜೀನನ್ನು ಕೆಡಿಸಿದರೆ ಅದು ಇನ್ನಷ್ಟು ದಿನ ಬಾಳುತ್ತದೆ ಎಂದು ಹುಡುಕುವುದು ಹುಳದಮ್ಮನ ಕಸುಬು.

ಹುಳಕ್ಕೆ ನಾಡಿ ಇಲ್ಲ, ಉಸಿರು ಕಾಣಿಸುವುದಿಲ್ಲ. ಗಾಜಿನ ಕಡ್ಡಿಯ ತುದಿಗೆ ಕೂದಲಷ್ಟು ತೆಳ್ಳಗಿನ ಪ್ಲಾಟಿನಂ ತಂತಿ ಸಿಕ್ಕಿಸಿ, ಸೂಕ್ಷ್ಮದರ್ಶಕದಡಿ ಅದರ ತಲೆಯನ್ನು ಮೆಲ್ಲಗೆ ಮುಟ್ಟುತ್ತಾರೆ. ತಲೆ ಅಲ್ಲಾಡಿಸಿತೋ, ಬದುಕಿದೆ. ಮೂರು ಸಲ ಮುಟ್ಟಿದರೂ ಮಿಸುಕಲಿಲ್ಲವೋ, ಸತ್ತಿದೆ. ಸತ್ತದ್ದಕ್ಕೆ ಪಟ್ಟಿಯಲ್ಲಿ ಒಂದು ಗೀಟು ಹಾಕುತ್ತಾರೆ. ಲಕ್ಷಗಟ್ಟಲೆಯ ಯಂತ್ರ, ಅಡಿಟಿಪ್ಪಣಿ ತುಂಬಿದ ಲೇಖನ, ಭಾಷಣ, ಚಪ್ಪಾಳೆ, ಎಲ್ಲ ನಿಂತಿರುವುದು ಆ ಒಂದು ಮುಟ್ಟುವಿಕೆಯ ಮೇಲೆ. ಹಾಗಾಗಿ ಮುಟ್ಟುವ ಕೈ ನಿಶ್ಚಲವಾಗಿರಬೇಕು.

ಕೈಯ ವಿಚಾರದಲ್ಲಿ ಹುಳದಮ್ಮನಿಗೆ ಚಿಕ್ಕಂದಿನಿಂದಲೂ ಒಂದು ಹೆದರಿಕೆಯಿತ್ತು. ಅವಳ ಅಮ್ಮ ದರ್ಜಿ. ಬಟ್ಟೆಗೆ ಕತ್ತರಿ ಹಾಕಿದಳೆಂದರೆ ಗೆರೆ ಎಳೆದ ಹಾಗೆ, ಕಾಜಾ ಹೊಲಿದಳೆಂದರೆ ಅಚ್ಚು ಒತ್ತಿದ ಹಾಗೆ. ಐವತ್ತರ ಹತ್ತಿರ ಬರುತ್ತಿದ್ದಂತೆ ಆ ಕೈ ನಡುಗಲು ಹತ್ತಿತು. ಸುಮ್ಮನಿದ್ದಾಗ ಸರಿಯಾಗಿಯೇ ಇರುತ್ತಿತ್ತು. ಸೂಜಿ ಹಿಡಿದರೆ, ಲೋಟ ಎತ್ತಿದರೆ ನಡುಕ. ವೈದ್ಯರು ‘ಇದು ವಂಶದಲ್ಲಿ ಹರಿದು ಬರುತ್ತೆ, ಪ್ರಾಣಕ್ಕೇನೂ ಅಪಾಯವಿಲ್ಲ’ ಎಂದು ಕೈ ತೊಳೆದುಕೊಂಡರು. ಅಪಾಯ ಇದ್ದದ್ದು ಮಾನಕ್ಕೆ. ಒಂದು ಸಂಜೆ ಮಗಳ ಗೆಳತಿಯರು ಮನೆಗೆ ಬಂದಾಗ ಅಮ್ಮ ಟ್ರೇ ಹಿಡಿದು ಬಂದಳು, ನಾಲ್ಕು ಹೆಜ್ಜೆಯಲ್ಲಿ ಅರ್ಧ ಚಹಾ ನೆಲದ ಮೇಲಿತ್ತು. ಹದಿನೇಳರ ಹುಡುಗಿ ಎದ್ದು ಟ್ರೇ ಕಿತ್ತುಕೊಂಡು, ಎಲ್ಲರ ಮುಂದೆ ಹೇಳಿದ್ದು ಇಷ್ಟು:

“ನೀನು ಒಳಗೇ ಇರಮ್ಮ. ಯಾಕೆ ಬರ್ತೀಯ ಹೊರಗೆ?”

ಅಮ್ಮ ಒಳಗೆ ಹೋದಳು. ಆಮೇಲೆ ಯಾರು ಬಂದರೂ ಒಳಗೇ ಇದ್ದಳು. ತನಗೆ ಚಹಾ ಹಾಕಿಕೊಳ್ಳುವಾಗಲೂ ಅರ್ಧ ಲೋಟವೇ. ‘ನನಗೆ ಅಷ್ಟೇ ಸಾಕು, ಜಾಸ್ತಿ ಕುಡಿದ್ರೆ ನಿದ್ದೆ ಬರಲ್ಲ’ ಎನ್ನುತ್ತಿದ್ದಳು. ಮಗಳು ಅದನ್ನು ನಂಬಿದಳು. ನಂಬಿದರೆ ಅನುಕೂಲವಿತ್ತಲ್ಲ, ಅದಕ್ಕೆ.

ಹುಳದಮ್ಮನಿಗೆ ನಡುಕ ಶುರುವಾದದ್ದು ನಲವತ್ತೊಂಬತ್ತಕ್ಕೆ. ಮೊದಲ ದಿನ ತಂತಿಯ ತುದಿ ಸೂಕ್ಷ್ಮದರ್ಶಕದಡಿ ಕುಣಿದಾಗ ಮೇಜು ಅಲುಗುತ್ತಿದೆ ಎಂದುಕೊಂಡಳು. ಮೇಜಿನ ಕಾಲಿಗೆ ರಟ್ಟಿನ ಚೂರು ಇಟ್ಟಳು. ಎರಡನೆಯ ದಿನ ಪಕ್ಕದ ಕೋಣೆಯ ಯಂತ್ರವನ್ನು ಬೈದಳು. ಮೂರನೆಯ ದಿನ ಬೈಯಲು ಯಾರೂ ಉಳಿದಿರಲಿಲ್ಲ. ಅಂದಿನಿಂದ ಬಚ್ಚಿಡುವ ಕಲೆ ಶುರುವಾಯಿತು. ಮೊಣಕೈಯನ್ನು ಮೇಜಿಗೆ ಒತ್ತಿ ಕೂರುವುದು, ಸಭೆಯಲ್ಲಿ ಕೈಯನ್ನು ಜೇಬಿನಲ್ಲಿಡುವುದು, ಸಹಿ ಹಾಕಬೇಕಾದ ಕಾಗದವನ್ನು ‘ಆಮೇಲೆ ನೋಡ್ತೀನಿ’ ಎಂದು ಕೋಣೆಗೆ ಒಯ್ಯುವುದು. ಮನೆಯಲ್ಲಿ ಗಂಡನಿಗೆ ಮಾತ್ರ ಗೊತ್ತಿತ್ತು. ಅವನು ಭೂಮಾಪಕ, ಅಳತೆಯ ಮನುಷ್ಯ. ತುಟಿ ಪಿಟಕ್ಕೆನ್ನದೆ ಬೆಳಿಗ್ಗೆ ಅವಳ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದ. ಮುಪ್ಪಿನ ಬಗ್ಗೆ ಜಗತ್ತಿಗೆಲ್ಲ ಪಾಠ ಹೇಳುವವಳು ತನ್ನ ಬೆರಳಿಗೆ ಬಂದ ಮುಪ್ಪನ್ನು ಕಳ್ಳಮಾಲಿನ ಹಾಗೆ ಅಡಗಿಸಿಕೊಂಡು ಓಡಾಡುತ್ತಿದ್ದಳು.

ಪ್ರಯೋಗಾಲಯದಲ್ಲಿ ಅವಳ ಜೊತೆ ಕೂತು ಎಣಿಸುತ್ತಿದ್ದವರು ತಟ್ಟೆಯಕ್ಕ. ಜೆಲ್ಲಿ ಕಾಯಿಸಿ ತಟ್ಟೆಗೆ ಸುರಿಯುವ ಕೆಲಸಕ್ಕೆಂದು ಸೇರಿದ ಸಹಾಯಕಿ, ಹುಳದಮ್ಮನಿಗಿಂತ ಮೂರು ವರ್ಷ ದೊಡ್ಡವರು. ಸುರಿಯುತ್ತ ಸುರಿಯುತ್ತ ನೋಡಿ ಕಲಿತು, ಎಣಿಸುವುದರಲ್ಲಿ ಎಂಥ ಪದವೀಧರರನ್ನೂ ಪಕ್ಕಕ್ಕೆ ಕೂರಿಸುವಷ್ಟು ಪಳಗಿದ್ದರು. ಅವರದೊಂದು ಕಟ್ಟುನಿಟ್ಟು: ತಟ್ಟೆಯ ಗುರುತನ್ನು ಮುಚ್ಚಳದ ಮೇಲೆ ಬರೆಯಕೂಡದು, ತಳಕ್ಕೆ ಬರೆಯಬೇಕು. “ಮುಚ್ಚಳ ಅದಲು ಬದಲಾಗುತ್ತೆ, ತಳ ಆಗಲ್ಲ,” ಎನ್ನುತ್ತಿದ್ದರು. ಎಣಿಸುವವರು ತಳ ನೋಡದೆ ಎಣಿಸಬೇಕು. ಯಾವುದು ಮಾಮೂಲಿ ಹುಳ, ಯಾವುದು ಜೀನ್ ಕೆಡಿಸಿದ ಹುಳ ಎಂದು ಗೊತ್ತಿಲ್ಲದಿದ್ದರೆ ಕಣ್ಣು ಪಕ್ಷಪಾತ ಮಾಡುವುದಿಲ್ಲ.

ಇನ್ನೊಂದು ವಿಚಾರಕ್ಕೂ ಅಕ್ಕ ಹೆಸರುವಾಸಿ. ಕಾರಿಡಾರಿನ ಕೊನೆಯ ಪುಟ್ಟ ಕೋಣೆಯಲ್ಲಿ ಹನ್ನೊಂದು ಗಂಟೆಗೆ ಅವರೇ ಚಹಾ ಮಾಡಿ ಎಲ್ಲರಿಗೂ ಕೊಡುತ್ತಿದ್ದರು. ಹುಳದಮ್ಮನ ಪಾಲಿಗೆ ಯಾವಾಗಲೂ ಅರ್ಧ ಲೋಟ.

“ಅಕ್ಕಾ, ಸಂಸ್ಥೆಯ ಚಹಾಪುಡಿ ಉಳಿಸಿದ್ರೆ ನಿಮಗೇನು ಪ್ರಶಸ್ತಿ ಕೊಡ್ತಾರಾ?” ಎಂದು ಅವಳು ಕೀಟಲೆ ಮಾಡುತ್ತಿದ್ದಳು.

“ಬೇಕಾದ್ರೆ ಇನ್ನೊಂದ್ಸಲ ಹಾಕ್ಕೊಡ್ತೀನಿ ಮೇಡಂ, ಬಿಸಿಬಿಸಿ ಇರುತ್ತೆ,” ಎಂದು ಅಕ್ಕ ನಗುತ್ತಿದ್ದರು. ದಿನವಿಡೀ ಹುಳಗಳನ್ನು ಒಂದೊಂದಾಗಿ ಎಣಿಸುವ ಹೆಂಗಸು, ಉಳಿದವರ ಲೋಟದೊಳಗೆ ಎಷ್ಟಿದೆ ಎಂದು ಒಂದು ದಿನವೂ ಬಗ್ಗಿ ನೋಡಲಿಲ್ಲ.

ಅವಳಿಗೆ ಐವತ್ಮೂರಾದಾಗ ಆ ಜೀನ್ ಸಿಕ್ಕಿತು. ಅದನ್ನು ಕೆಡಿಸಿದ ಹುಳಗಳು ಬೇಗ ಸಾಯುವ ಹಾಗೆ ಕಾಣಲಿಲ್ಲ. ಎಂಟು ನೂರು ಹುಳಗಳ ದೊಡ್ಡ ಪ್ರಯೋಗ ಶುರುವಾಯಿತು. ಇಬ್ಬರೂ ಎರಡೂ ಬಗೆಯನ್ನು ಅರ್ಧರ್ಧ ಎಣಿಸುವುದೆಂದು ಗೊತ್ತಾಯಿತು. ಹದಿನೆಂಟನೆಯ ದಿನ ಒಂದು ತಟ್ಟೆ ಕೈತಪ್ಪಿ ಇಬ್ಬರ ಬಳಿಗೂ ಬಂತು. ಅಕ್ಕ ಬರೆದದ್ದು: ಸತ್ತದ್ದು ಇಪ್ಪತ್ತೆರಡು. ಹುಳದಮ್ಮ ಬರೆದದ್ದು: ಸತ್ತದ್ದು ಹದಿನಾಲ್ಕು.

ಅಕ್ಕ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಒಂದು ಕ್ಷಣ ಹುಳದಮ್ಮನ ಕೈ ನೋಡಿದರು. ಅಷ್ಟೇ. ಹೆದರಿದವರು ಮಾಡುವುದನ್ನೇ ಅವಳೂ ಮಾಡಿದಳು, ಎದುರಿನವರ ಮೇಲೆ ಏರಿಹೋದಳು.

“ಅಕ್ಕಾ, ನಿಮಗೆ ವಯಸ್ಸಾಯ್ತು. ಕಣ್ಣು ತೋರಿಸ್ಕೊಳ್ಳಿ ಮೊದಲು.”

ಅಕ್ಕ ಮರುದಿನವೇ ಹೋಗಿ ತೋರಿಸಿಕೊಂಡು ಬಂದರು. ಕಣ್ಣಿನ ವೈದ್ಯರ ಚೀಟಿಯನ್ನು ಅವಳ ಮೇಜಿನ ಮೇಲೆ ಇಟ್ಟರು. ಕಣ್ಣಿಗೆ ಯಾವ ದೋಷವೂ ಇಲ್ಲ ಎಂದು ಬರೆದಿತ್ತು. ಹುಳದಮ್ಮ ಅದನ್ನು ಓದಿ ಡ್ರಾಯರಿಗೆ ತಳ್ಳಿದಳು. ಜೀನ್ ಕೆಡಿಸಿದ ಹುಳಗಳ ಅಲುಗಾಟ ಬಹಳ ಸೂಕ್ಷ್ಮ, ಅದು ತನ್ನ ಕಣ್ಣಿಗೆ ಮಾತ್ರ ಹಿಡಿಯುತ್ತದೆ, ಆದ್ದರಿಂದ ಪ್ರಯೋಗವನ್ನು ಮೊದಲಿಂದ ಹೂಡೋಣ, ಇನ್ನು ಮೇಲೆ ಅವನ್ನೆಲ್ಲ ತಾನೇ ಎಣಿಸುತ್ತೇನೆ, ಅಕ್ಕ ಮಾಮೂಲಿ ಹುಳಗಳನ್ನು ಮಾತ್ರ ನೋಡಿಕೊಳ್ಳಲಿ ಎಂದು ಅಪ್ಪಣೆ ಮಾಡಿದಳು. ಇಬ್ಬರ ಲೆಕ್ಕ ಇನ್ನೊಮ್ಮೆ ಪಕ್ಕಪಕ್ಕ ಬರಕೂಡದು ಎಂಬುದು ಒಳಗಿನ ಗುಟ್ಟು. ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಬುಧವಾರದ ಸಭೆಯಲ್ಲಿ, ಪ್ರಯೋಗಾಲಯದ ಏಳು ಜನರ ಎದುರಿಗೆ, ಅಕ್ಕ ಬಾಯಿಬಿಟ್ಟರು. “ಮೇಡಂ, ಎರಡನ್ನೂ ಒಬ್ಬರೇ ನೋಡ್ಬೇಕಲ್ವಾ? ಅದೂ ತಳ ನೋಡ್ದೆ? ಹೀಗೆ ಹಂಚ್ಕೊಂಡ್ರೆ ಹೇಗೆ ಸರಿಹೋಗುತ್ತೆ?”

“ನಿಮ್ಮ ಕೆಲಸ ತಟ್ಟೆ ಸುರಿಯೋದು ಅಕ್ಕಾ. ವಿಜ್ಞಾನ ನನಗೆ ಬಿಡಿ,” ಎಂದಳು ಹುಳದಮ್ಮ.

ಯಾರೋ ಕೆಮ್ಮಿದರು. ಅಕ್ಕ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಅದಾದ ಮೇಲೆ ನಿವೃತ್ತಿಯಾಗುವ ದಿನದವರೆಗೂ ಆ ವಿಷಯ ಎತ್ತಲಿಲ್ಲ. ಹನ್ನೊಂದು ಗಂಟೆಯ ಚಹಾ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಫಲಿತಾಂಶ ಬಂತು. ಮಾಮೂಲಿ ಹುಳ ಹತ್ತೊಂಬತ್ತು ದಿನ, ಅವಳ ಹುಳ ಇಪ್ಪತ್ನಾಲ್ಕು ದಿನ. ಎಂಬತ್ತು ಬಾಳುವವರು ನೂರು ಬಾಳಿದ ಹಾಗೆ! ಲೇಖನ ಅಚ್ಚಾಯಿತು. ಬೇರೆ ಬೇರೆ ಕಡೆ ಹನ್ನೊಂದು ಪ್ರಯೋಗಾಲಯಗಳು ಅದನ್ನೇ ಅಡಿಪಾಯ ಮಾಡಿಕೊಂಡು ಕೆಲಸ ಹೂಡಿದವು. ಐದು ವರ್ಷಕ್ಕೆ ಪ್ರಶಸ್ತಿ. ಸಮಾರಂಭದಲ್ಲಿ ನಲವತ್ತು ನಿಮಿಷ ಭಾಷಣ ಮಾಡಿದಳು, ಎರಡು ಕೈಯಲ್ಲೂ ಪೀಠದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು. ಗುರುಗಳನ್ನು, ನಿರ್ದೇಶಕರನ್ನು, ಗಂಡನನ್ನು ನೆನೆದಳು. ಮೂರನೆಯ ಸಾಲಿನಲ್ಲಿ ಹೊಸ ಬಟ್ಟೆ ತೊಟ್ಟು ಕೂತಿದ್ದ ಅಕ್ಕ ‘ಮತ್ತು ನನ್ನ ಪ್ರಯೋಗಾಲಯದ ಎಲ್ಲರಿಗೂ’ ಎಂಬುದರೊಳಗೆ ಸೇರಿಹೋದರು.

ಆರು ತಿಂಗಳಾಗಿತ್ತು, ಒಂದು ಪತ್ರ ಬಂತು. ಮುಖ ಕಂಡಿರದ ಯಾರೋ ಸಂಶೋಧಕರು ಬಹಳ ವಿನಯದಿಂದ ಬರೆದಿದ್ದರು: ನಿಮ್ಮ ಪ್ರಯೋಗವನ್ನು ಮೂರು ಸಲ ಮಾಡಿದೆವು, ಐದು ದಿನ ನಮಗೆ ಸಿಗುತ್ತಿಲ್ಲ, ಹೆಚ್ಚೆಂದರೆ ಒಂದು ದಿನ, ನಾವೆಲ್ಲಿ ತಪ್ಪುತ್ತಿದ್ದೇವೆ ದಯವಿಟ್ಟು ತಿಳಿಸಿ. ಹುಳದಮ್ಮನಿಗೆ ಮೈ ಉರಿಯಿತು. ಈ ಕಸುಬಿನಲ್ಲಿ ಇಂಥ ಪತ್ರಕ್ಕೆ ಸಿದ್ಧ ಉತ್ತರಗಳಿವೆ. ನಿಮ್ಮ ಜೆಲ್ಲಿ ಬೇರೆ, ನಿಮ್ಮ ನೀರು ಬೇರೆ, ನಿಮ್ಮ ಹವೆ ಬೇರೆ. ಆ ಮೂರನ್ನೂ ಬರೆದಳು. ಕಳಿಸುವ ಮೊದಲು ಬಾಯಿ ಮುಚ್ಚಿಸುವ ಹಾಗೆ ಹೊಸ ಅಂಕಿ ಕೊಡೋಣವೆಂದು ತಾನೇ ಪ್ರಯೋಗವನ್ನು ಮತ್ತೆ ಹೂಡಿದಳು.

ಒಂದು ಭಾನುವಾರ ಬೆಳಿಗ್ಗೆ ಒಬ್ಬಳೇ ಬಂದಳು. ಮೇಜಿನ ಅಂಚಿನಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಮೇಲಿನದನ್ನು ತೆಗೆದು, ಅಕ್ಕ ಕಲಿಸಿದ ರೂಢಿಯಂತೆ ತಳ ನೋಡದೆ, ಸೂಕ್ಷ್ಮದರ್ಶಕದಡಿ ಇಟ್ಟಳು. ಮೂವತ್ತೊಂದು ಹುಳ. ಒಂದೊಂದನ್ನೇ ಮುಟ್ಟಿದಳು. ಇದು ಮಿಸುಕಿತು. ಇದು ಇಲ್ಲ. ಇದು ತಲೆ ಆಡಿಸಿತು, ಪಾಪ, ಇನ್ನೂ ಜೀವ ಹಿಡಿದುಕೊಂಡಿದೆ. ಲೆಕ್ಕ ಮುಗಿಯಿತು: ಸತ್ತದ್ದು ಇಪ್ಪತ್ತೆರಡು, ಬದುಕಿದ್ದು ಒಂಬತ್ತು. ಪಟ್ಟಿಗೆ ಗುರುತಿನ ಸಂಖ್ಯೆ ಬರೆಯಲೆಂದು ತಟ್ಟೆ ಎತ್ತಿ ತಳ ನೋಡಿದಳು.

ತಳದ ಮೇಲೆ ಕೆಂಪು ಅಡ್ಡಗೀಟು. ಪಕ್ಕದಲ್ಲಿ ಉಪಕರಣ ನೋಡಿಕೊಳ್ಳುವವರ ಚೀಟಿ: ‘ಶುಕ್ರವಾರ ಸಂಜೆ ಹುಳದ ತಟ್ಟೆ ಇಡುವ ಎರಡನೇ ಪೆಟ್ಟಿಗೆ ಕೆಟ್ಟು ಐವತ್ತು ಡಿಗ್ರಿಗೆ ಹೋಗಿತ್ತು. ಈ ತಟ್ಟೆಗಳ ಹುಳ ಎಲ್ಲ ಸತ್ತಿವೆ. ಎಸೆಯಬೇಕು.’

ಐವತ್ತು ಡಿಗ್ರಿಯಲ್ಲಿ ಆ ಹುಳ ಒಂದು ಗಂಟೆಯೂ ಉಳಿಯುವುದಿಲ್ಲ. ಇವು ಒಂದೂವರೆ ದಿನದ ಹಿಂದೆ ಬೆಂದಿದ್ದವು. ಹುಳದಮ್ಮ ತಟ್ಟೆಯನ್ನು ಮತ್ತೆ ಇಟ್ಟು, ಆ ಒಂಬತ್ತರಲ್ಲಿ ಒಂದನ್ನು ಮುಟ್ಟಿದಳು. ತಲೆ ಅಲ್ಲಾಡಿತು. ಈ ಸಲ ತಂತಿಯನ್ನು ನೋಡಿದಳು. ತಂತಿ ನಡುಗುತ್ತಿತ್ತು, ಅದರ ಜೊತೆಗೆ ಜೆಲ್ಲಿಯ ಮೇಲಿನ ನೀರಿನ ಪದರ ನಡುಗುತ್ತಿತ್ತು, ಹೆಣ ನೀರಿನ ಜೊತೆ ಅಲ್ಲಾಡುತ್ತಿತ್ತು. ಕೈ ಹಿಂದಕ್ಕೆಳೆದಳು. ಹೆಣ ನಿಂತಿತು.

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು. ನೆಲ ಬಾಯಿಬಿಡಲಿಲ್ಲ. ಫ್ರಿಜ್ಜು ಗೊರಗೊರ ಎನ್ನುತ್ತಿತ್ತು, ಗೋಡೆಯ ಮೇಲೆ ಪ್ರಶಸ್ತಿ ಸಮಾರಂಭದ ಫೋಟೋ ಇತ್ತು. ನಾಚಿಕೆ ಅವಳಿಗೆ ಬಂದದ್ದು ಕಿವಿಗೆ, ಬಿಸಿಯಾಗಿ. ತಪ್ಪು ಲೆಕ್ಕಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಆ ಚೀಟಿ, ಡ್ರಾಯರಿನಲ್ಲಿ ಇನ್ನೂ ಇದ್ದ ಕಣ್ಣಿನ ವೈದ್ಯರ ಚೀಟಿ. ತನ್ನ ಕೈ ಬಚ್ಚಿಡಲು ಇನ್ನೊಬ್ಬರ ಕಣ್ಣಿಗೆ ಕಳಂಕ ಹಚ್ಚಿದ್ದಳು.

ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಗಂಡನಿಗೆ ಎಲ್ಲ ಹೇಳಿದಳು. ಅವನು ಕನ್ನಡಕ ಒರೆಸುತ್ತ ಕೇಳಿದ.

“ನಿವೃತ್ತಿಗೆ ಇನ್ನೆಷ್ಟು?” ಎಂದ ಅವನು.

“ಒಂದೂವರೆ ವರ್ಷ. ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ. ಆ ಪತ್ರಕ್ಕೆ ಉತ್ತರ ಬರೆದಿಟ್ಟಿದೀನಿ. ಹೇಳಿದ್ರೆ ಪ್ರಶಸ್ತಿ ಹೋಗುತ್ತೆ, ಹೆಸರು ಹೋಗುತ್ತೆ. ಕೈ ವಿಷಯ ಊರಿಗೆಲ್ಲ ಗೊತ್ತಾಗುತ್ತೆ.”

“ನೋಡು, ನಾನು ಒಂದ್ಸಲ ಗಡಿಕಲ್ಲನ್ನ ತಪ್ಪು ಜಾಗದಲ್ಲಿ ನೆಟ್ಟಿದ್ದೆ. ಮಾರನೇ ದಿನವೇ ಗೊತ್ತಾಯ್ತು, ನಾಚಿಕೆ ಆಗಿ ಬಾಯಿ ಮುಚ್ಕೊಂಡೆ. ಎರಡು ವರ್ಷ ಬಿಟ್ಟು ಹೋಗಿ ನೋಡಿದ್ರೆ ಆ ಕಲ್ಲು ನಂಬ್ಕೊಂಡು ಒಬ್ಬ ಮನೆ ಕಟ್ಟಿದ್ದ. ನಿನ್ನ ಕಲ್ಲು ನಂಬ್ಕೊಂಡು ಎಷ್ಟು ಜನ ಕಟ್ತಿದಾರೆ?”

“ಹನ್ನೊಂದು ಕಡೆ.”

“ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯ?” ಎಂದು ಅವನು ಕನ್ನಡಕ ಹಾಕಿಕೊಂಡ. ಅವಳಿಗೆ ಸಿಟ್ಟು ಬಂತು. ಸಮಾಧಾನ ಹೇಳುತ್ತಾನೆಂದು ಹೇಳಿಕೊಂಡಿದ್ದಳು.

ಹೇಳಲೇಬೇಕೆಂದರೆ ಮೊದಲು ಹೇಳಬೇಕಾದವರು ಯಾರೆಂದು ಅವಳಿಗೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ತಟ್ಟೆಯಕ್ಕನ ಮನೆಗೆ ಹೋದಳು. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತುವಾಗ ಬಿಸಿ ಬಟ್ಟೆಯ ವಾಸನೆ. ಇಪ್ಪತ್ತಾರು ವರ್ಷ ಜೊತೆಯಲ್ಲಿ ಕೂತು ಕೆಲಸ ಮಾಡಿದವಳು ಆ ಮನೆಯ ಹೊಸಿಲು ತುಳಿದದ್ದು ಅದೇ ಮೊದಲು. ಅದಕ್ಕೂ ನಾಚಿಕೆಯಾಯಿತು.

ಕೂರುವ ಮುಂಚೆಯೇ ಹೇಳಿಬಿಟ್ಟಳು. ಕೆಂಪು ಗೀಟಿನ ತಟ್ಟೆ, ಬದುಕಿದ ಒಂಬತ್ತು ಹೆಣ, ನಡುಗುವ ತಂತಿ. ಅಕ್ಕ ಅಚ್ಚರಿಪಡಲಿಲ್ಲ. ಒಳಗೆ ಹೋಗಿ ಒಂದು ಕಂದು ಲಕೋಟೆ ತಂದು ಅವಳ ಮುಂದೆ ಇಟ್ಟರು. ಲಕೋಟೆಯ ಮೇಲೆ, ಅವಳ ಲೇಖನ ಅಚ್ಚು ಹಾಕಿದ ಪತ್ರಿಕೆಯ ವಿಳಾಸ ಅಕ್ಕನ ಅಕ್ಷರದಲ್ಲಿತ್ತು. ಅಂಚೆಚೀಟಿಯೂ ಅಂಟಿಸಿತ್ತು. ಒಳಗೆ ಒಂದು ತೆಳು ನೋಟುಬುಕ್ಕು.

“ನೀವು ಆ ಮಾತು ಅಂದ್ರಲ್ಲ, ಅದರ ಮಾರನೇ ದಿನದಿಂದ ದಿನಾ ಒಂದು ಗಂಟೆ ಮುಂಚೆ ಬರ್ತಿದ್ದೆ,” ಎಂದರು ಅಕ್ಕ. “ನಿಮ್ಮ ಹುಳಗಳನ್ನೂ ನಾನೇ ಮುಟ್ಟಿ ನೋಡಿ ಬರ್ಕೊಂಡೆ. ತಪ್ಪು ನನ್ನದೇ ಇರಬಹುದು ಅಂತ. ಇಪ್ಪತ್ತು ದಿನ ಮೇಡಂ. ಮಾಮೂಲಿ ಹುಳಕ್ಕಿಂತ ಒಂದೇ ದಿನ ಜಾಸ್ತಿ.”

ಹುಳದಮ್ಮ ನೋಟುಬುಕ್ಕಿನ ಪುಟ ತಿರುವಿದಳು. “ಯಾಕೆ ಹೇಳಲಿಲ್ಲ ಅಕ್ಕಾ?”

“ಯಾರಿಗೆ? ನಿಮಗೆ ಹೇಳಿದ್ದೆನಲ್ಲ, ಏಳು ಜನರ ಮುಂದೆ.” ಅಕ್ಕನ ದನಿ ಏರಲಿಲ್ಲ. “ನಾನು ದೊಡ್ಡ ಮನಸ್ಸಿನವಳು ಅಂತ ತಿಳ್ಕೋಬೇಡಿ. ನೀವು ಒಂದಿನ ಬೀಳೋದನ್ನ ನೋಡ್ಬೇಕು ಅಂತ ಆಸೆ ಇತ್ತು ನನಗೆ. ಪ್ರಶಸ್ತಿ ಅಂತ ಗೊತ್ತಾದ ದಿನ ಇದನ್ನ ಲಕೋಟೆಗೆ ಹಾಕಿದೆ. ಸಮಾರಂಭ ಮುಗಿಸ್ಕೊಂಡು ಬರ್ತಾ ಡಬ್ಬಿಗೆ ಹಾಕಿಬಿಡೋಣ ಅಂತ ಚೀಲದಲ್ಲೇ ಇಟ್ಕೊಂಡು ಬಂದಿದ್ದೆ.”

“ಮತ್ತೆ?”

“ನಲವತ್ತು ನಿಮಿಷ ಮಾತಾಡಿದ್ರಿ. ನಾಲಿಗೆ ಒಣಗಿ ಅಂಟ್ಕೊಳ್ತಿತ್ತು, ನನಗೆ ಕೇಳಿಸ್ತಿತ್ತು. ಲೋಟದ ತುಂಬ ನೀರು ಮುಂದೇ ಇತ್ತು. ಮುಟ್ಟಲಿಲ್ಲ ನೀವು. ಆ ಲೋಟ ನೋಡ್ತಾ ಕೂತಿದ್ದೆ. ಡಬ್ಬಿ ಹತ್ರ ಬಂದಾಗ ಯಾಕೋ ಕೈ ಬರಲಿಲ್ಲ.”

ಅಕ್ಕ ಎದ್ದು ಚಹಾ ಮಾಡಿದರು. ಎರಡು ಲೋಟ ತಂದಿಟ್ಟರು. ತಮ್ಮದು ಅಂಚಿನವರೆಗೆ ತುಂಬಿತ್ತು. ಹುಳದಮ್ಮನದು ಅರ್ಧ.

ಅವಳು ಆ ಎರಡು ಲೋಟಗಳನ್ನೂ ನೋಡಿದಳು. ಪಕ್ಕಪಕ್ಕ ಇದ್ದವು, ಅಂದಿನ ಎರಡು ಪಟ್ಟಿಗಳ ಹಾಗೆ. ಕಾರಿಡಾರಿನ ಕೋಣೆ, ಹನ್ನೊಂದು ಗಂಟೆ, ತಾನು ಮಾಡಿದ ಕೀಟಲೆ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ತಾನು ಅಷ್ಟು ಜೋಪಾನವಾಗಿ ಬಚ್ಚಿಟ್ಟಿದ್ದು ಈ ಹೆಂಗಸಿಗೆ ನಡುಕ ಶುರುವಾದ ಮೊದಲ ವರ್ಷವೇ ಗೊತ್ತಿತ್ತು. ಅಡುಗೆಮನೆಯಲ್ಲಿ ನಿಂತು ‘ನನಗೆ ಅಷ್ಟೇ ಸಾಕು’ ಎನ್ನುತ್ತಿದ್ದ ಅಮ್ಮನೂ ಬಂದು ಎದುರಿಗೆ ಕೂತ ಹಾಗಾಯಿತು. ಹುಳದಮ್ಮ ಮುಖ ಮುಚ್ಚಿಕೊಂಡು ಅತ್ತಳು. ಅಕ್ಕ ಹತ್ತಿರ ಬಂದು ಬೆನ್ನು ಸವರಲಿಲ್ಲ. ಎದುರಿಗೆ ಕೂತು ತಮ್ಮ ಚಹಾ ಕುಡಿದು ಮುಗಿಸಿದರು.

ಹೊರಡುವಾಗ ಹುಳದಮ್ಮ ಕೇಳಿಕೊಂಡಳು. ಎಲ್ಲವನ್ನೂ ಮೊದಲಿಂದ ಎಣಿಸಬೇಕು, ಎರಡೂ ಬಗೆಯನ್ನು, ತಳ ನೋಡದೆ, ಒಬ್ಬರೇ. ಆ ಒಬ್ಬರು ನೀವಾಗಬೇಕು. ಅಕ್ಕ ಯೋಚಿಸಿ, ಹುಳಗಳಿಗಾಗಿ ಬರುತ್ತೇನೆ ಎಂದರು. ಒಂದು ತಿಂಗಳು ದಿನಾ ಬಂದರು. ಅಕ್ಕ ಮುಟ್ಟಿ ಹೇಳುತ್ತಿದ್ದರು, ಹುಳದಮ್ಮ ಪಕ್ಕದಲ್ಲಿ ಕೂತು ಗೀಟು ಹಾಕುತ್ತಿದ್ದಳು. ಅವಳ ಗೀಟುಗಳು ಹಾವು ಹರಿದ ಹಾಗೆ ಸೊಟ್ಟಸೊಟ್ಟ. ಅವನ್ನು ಅಳಿಸಿ ತಿದ್ದಲಿಲ್ಲ. ಕೊನೆಗೆ ಬಂದದ್ದು ಅದೇ ಇಪ್ಪತ್ತು ದಿನ. ಒಂದು ದಿನದ ಲಾಭ, ಅದೂ ಇದೆಯೋ ಇಲ್ಲವೋ ಎನ್ನುವಷ್ಟು.

ಲೇಖನ ಹಿಂತೆಗೆದುಕೊಳ್ಳುವ ಪತ್ರ ಹೋಯಿತು. ವಿನಯದಿಂದ ಬರೆದಿದ್ದ ಸಂಶೋಧಕರಿಗೆ, ನೀವೆಲ್ಲೂ ತಪ್ಪಿಲ್ಲ ಎಂಬ ಉತ್ತರ ಹೋಯಿತು. ಪ್ರಶಸ್ತಿ ಕೊಟ್ಟವರಿಗೆ ಪ್ರಶಸ್ತಿ ಹೋಯಿತು. ನಿರ್ದೇಶಕರು ಬಾಗಿಲು ಹಾಕಿಕೊಂಡು, ಪತ್ರದಲ್ಲಿ ‘ಉಪಕರಣದ ದೋಷ’ ಎಂದು ಬರೆದರೆ ಸಾಲದೇ ಎಂದು ಕೇಳಿದ್ದರು. ಉಪಕರಣ ಎಂಬ ಮಾತು ಒಂದು ಕ್ಷಣ ಅವಳಿಗೂ ಬಹಳ ಹಿತವಾಗಿ ಕಂಡಿತ್ತು. ಆಸೆಯಾಗಿತ್ತು ಎಂದೇ ಹೇಳಬೇಕು. ಪತ್ರದಲ್ಲಿ ‘ನನ್ನ ಕೈ’ ಎಂದು ಬರೆದಳು.

ಉಳಿದದ್ದು ಬುಧವಾರದ ಸಭೆ. ಪ್ರಯೋಗಾಲಯದವರಷ್ಟೇ ಅಲ್ಲ, ಇಡೀ ಸಂಸ್ಥೆ ಸೇರುವ ಹಾಗೆ ದೊಡ್ಡ ಸಭಾಂಗಣದಲ್ಲಿ ಇಡಿಸಿದಳು. ಅಕ್ಕನನ್ನು ಮುಂದಿನ ಸಾಲಿನಲ್ಲಿ ಬಂದು ಕೂರಬೇಕೆಂದು ಕರೆದಳು. “ಅವತ್ತು ನಾನು ಅಂದಿದ್ದನ್ನ ಎಲ್ಲರ ಮುಂದೆ ಹೇಳಿ ಕ್ಷಮೆ ಕೇಳ್ಬೇಕು ಅಂತಿದೀನಿ.”

“ಆ ಮಾತನ್ನ ಇನ್ನೊಂದ್ಸಲ ನಾಲ್ಕು ಜನರ ಮುಂದೆ ಕೇಳಿಸ್ಕೊಳ್ಳೋಕೆ ನಾನು ಯಾಕೆ ಬರ್ಲಿ ಮೇಡಂ?” ಎಂದರು ಅಕ್ಕ. “ಅದರಿಂದ ನಿಮಗೆ ಹಗುರ ಆಗುತ್ತೆ. ನನಗೇನಾಗುತ್ತೆ?”

ಕ್ಷಮೆ ಕೇಳುವುದರಲ್ಲೂ ತಾನು ನೋಡಿಕೊಂಡದ್ದು ತನ್ನನ್ನೇ ಎಂದು ಹುಳದಮ್ಮನಿಗೆ ಗೊತ್ತಾಗಿ, ಇದ್ದ ನಾಚಿಕೆಯ ಮೇಲೆ ಇನ್ನೊಂದು ಪದರ ಬಿತ್ತು.

ಬುಧವಾರ ಬಂತು. ಸಭಾಂಗಣ ತುಂಬಿತ್ತು. ಅಂದಿನ ಏಳು ಜನರಲ್ಲಿ ಐದು ಜನ ಇದ್ದರು. ಅಕ್ಕನಿಗೆಂದು ಬಿಟ್ಟಿದ್ದ ಮುಂದಿನ ಸಾಲಿನ ಕುರ್ಚಿ ಖಾಲಿಯಿತ್ತು. ಹುಳದಮ್ಮ ಪೀಠದ ಹತ್ತಿರ ಹೋಗಿ, ರೂಢಿಯಂತೆ ಎರಡು ಕೈಯಲ್ಲೂ ಅಂಚು ಹಿಡಿದುಕೊಂಡಳು. ಪಕ್ಕದಲ್ಲಿ ನೀರಿನ ಹೂಜಿ, ಲೋಟ. ಲೋಟದಲ್ಲಿ ಅರ್ಧ ನೀರಿತ್ತು.

ಅವಳು ಅದನ್ನೇ ನೋಡುತ್ತಿರುವುದನ್ನು ಕಂಡು ಸಭಾಂಗಣದ ಕಾವಲುಗಾರ ಹತ್ತಿರ ಬಂದು ಪಿಸುಗುಟ್ಟಿದ. “ನಾನು ತುಂಬಿಸಿಟ್ಟಿದ್ದೆ ಮೇಡಂ. ಬೆಳಿಗ್ಗೆ ನಿಮ್ಮ ತಟ್ಟೆಯಕ್ಕ ಬಂದಿದ್ರು. ಅರ್ಧ ವಾಪಸ್ ಸುರಿದು ಹೋದ್ರು. ತುಂಬಿಸ್ಲಾ?”

“ಬೇಡ,” ಎಂದಳು. “ನಾನೇ ತುಂಬಿಸ್ತೀನಿ.”

ಪೀಠದ ಅಂಚು ಬಿಟ್ಟಳು. ಹೂಜಿ ಎತ್ತಿ ಲೋಟವನ್ನು ಅಂಚಿನವರೆಗೆ ತುಂಬಿಸಿದಳು, ತುಂಬಿಸುವಾಗಲೇ ಮೇಜೆಲ್ಲ ಒದ್ದೆಯಾಯಿತು. ಮುಂದಿನ ಸಾಲಿನ ಒಬ್ಬರು ಸಹಾಯಕ್ಕೆಂದು ಅರ್ಧ ಎದ್ದರು. ಅವಳು ತಲೆಯಾಡಿಸಿ ಕೂರಿಸಿದಳು. ಇಡೀ ಸಭೆಯ ಎದುರಿಗೆ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ ಬಾಯಿಯವರೆಗೆ ತಂದಳು. ನೀರು ಬರೆದು ತಂದ ಕಾಗದದ ಮೇಲೆ ಚೆಲ್ಲಿತು, ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯಿತು. ಮುಖ ಕೆಂಪಾಗಿ ಉರಿಯುತ್ತಿತ್ತು. ಉಳಿದಷ್ಟನ್ನು ಕುಡಿದಳು.

“ಈ ಕೈ ನೋಡಿ,” ಎಂದಳು. “ಸತ್ತ ಹುಳಗಳನ್ನ ಬದುಕಿಸಿದ್ದು ಇದೇ. ಇದು ಒಬ್ಬರಿಗೆ ಮೊದಲೇ ಗೊತ್ತಿತ್ತು. ಅವರು ಹೇಳಿದ್ರು, ನಾನು ಕೇಳಲಿಲ್ಲ.”

ಅಂದು ಏಳು ಜನರ ಮುಂದೆ ತಾನು ಆಡಿದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಖಾಲಿ ಕುರ್ಚಿಯ ಕಡೆ ನೋಡಿ ಅದನ್ನು ನುಂಗಿಕೊಂಡಳು. ಅಲ್ಲಿದ್ದ ಐದು ಜನ ತಲೆ ತಗ್ಗಿಸಿದರು. ಆಮೇಲೆ ಅವಳು ಒದ್ದೆ ಕಾಗದ ಬಿಡಿಸಿ, ಅಕ್ಕನ ನೋಟುಬುಕ್ಕಿನ ಮೊದಲ ದಿನದ ಲೆಕ್ಕದಿಂದ ಓದಲು ಶುರುಮಾಡಿದಳು.